ಕೆಲಸ ಬಿಟ್ಟ ಕಾರಣ

ಮೂವತ್ತು ವರ್ಷದಿಂದ ನಾನು ಜನರ ಬಯೋಡೇಟಾ ಟೈಪ್ ಮಾಡುತ್ತಾ ಬಂದಿದ್ದೇನೆ. ದೊಡ್ಡಾಸ್ಪತ್ರೆಯ ಪಕ್ಕದ ಗೇಟಿಗೆ ಎದುರಾಗಿ ನನ್ನ ಅಂಗಡಿ. ಎರಡು ಜೆರಾಕ್ಸ್ ಮೆಷಿನ್, ಒಂದು ಕಂಪ್ಯೂಟರ್, ಲ್ಯಾಮಿನೇಶನ್ ಮಾಡುವ ಒಂದು ಪೆಟ್ಟಿಗೆ, ಗಿರಾಕಿಗಳಿಗೆ ಒಂದು ಸ್ಟೂಲು. ಎರಡು ಸ್ಟೂಲು ಇಟ್ಟರೆ ಜನ ಹರಟೆ ಹೊಡೆಯಲು ಕೂರುತ್ತಾರೆ, ಆದ್ದರಿಂದ ಒಂದೇ. ನರ್ಸುಗಳು, ಲ್ಯಾಬಿನವರು, ಆಂಬುಲೆನ್ಸ್ ಡ್ರೈವರುಗಳು, ಲಿಫ್ಟಿನವರು, ಆ ಆಸ್ಪತ್ರೆಯ ಅರ್ಧ ಜನ ಕೆಲಸಕ್ಕೆ ಅರ್ಜಿ ಹಾಕುವ ಮುಂಚೆ ನನ್ನ ಸ್ಟೂಲಿನ ಮೇಲೆ ಕೂತು ಎದ್ದವರೇ. ಅವರೆಲ್ಲರಿಗೂ ನನ್ನ ಹತ್ತಿರ ಇದ್ದದ್ದು ಒಂದೇ ನಮೂನೆ. ಹೆಸರು ಬದಲಾಯಿಸು, ವಿಳಾಸ ಬದಲಾಯಿಸು, ಪ್ರಿಂಟ್ ಒತ್ತು. ‘ಸವಾಲಿನ ವಾತಾವರಣದಲ್ಲಿ ದುಡಿದು ಸಂಸ್ಥೆಯ ಏಳಿಗೆಗೆ ಶ್ರಮಿಸುವುದೇ ನನ್ನ ಗುರಿ’ ಎಂಬ ಸಾಲನ್ನು ಸಾವಿರಾರು ಮಂದಿಯ ತಲೆಗೆ ಕಟ್ಟಿದ್ದೇನೆ. ಅಂಥ ಗುರಿ ಇದ್ದ ಒಬ್ಬನೇ ಒಬ್ಬನನ್ನು ನಾನು ಕಂಡಿಲ್ಲ.

ಬಯೋಡೇಟಾ ಬರೆಯುವುದೆಂದರೆ ಮುಚ್ಚುವ ವಿದ್ಯೆ ಎಂದು ನಾನು ನಂಬಿದ್ದೆ. ನಡುವೆ ಖಾಲಿ ಇದ್ದ ವರ್ಷಗಳನ್ನು ಮುಚ್ಚಬೇಕು, ಜಗಳಗಳನ್ನು ಮುಚ್ಚಬೇಕು, ಫೇಲಾದ ವಿಷಯಗಳನ್ನು ಮುಚ್ಚಬೇಕು. ಈ ವಿದ್ಯೆಯಲ್ಲಿ ಈ ರಸ್ತೆಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಬೀಗುತ್ತಿದ್ದೆ ಕೂಡ. ಆ ಜಂಬ ಇಳಿಸಿದವರು ಹಲ್ಲಿನ ಮೇಡಂ.

ಹಲ್ಲಿನ ಮೇಡಂ ಡಾಕ್ಟರಲ್ಲ. ಹಲ್ಲಿನ ಡಾಕ್ಟರ ಜೊತೆ ಕೆಲಸ ಮಾಡುವ ಡೆಂಟಲ್ ಹೈಜೀನಿಸ್ಟ್. ಆ ಮಾತು ನಾಲಿಗೆಗೆ ತೊಡರುತ್ತದೆ ಎಂದು ಜನ ಸುಮ್ಮನೆ ಹಲ್ಲಿನ ಮೇಡಂ ಎಂದುಬಿಟ್ಟರು. ಬೆಳಿಗ್ಗೆಯಿಂದ ಸಂಜೆಯವರೆಗೆ ತಿರುಗುವ ಸ್ಟೂಲಿನ ಮೇಲೆ ಕೂತು, ಇನ್ನೊಬ್ಬರ ಬಾಯಿಗೆ ದೀಪ ಬಿಟ್ಟುಕೊಂಡು, ಹಲ್ಲಿನ ಬುಡದಲ್ಲಿ ಸಿಮೆಂಟಿನ ಹಾಗೆ ಕಟ್ಟಿಕೊಂಡ ಕಿಟ್ಟವನ್ನು ಕೆರೆದು ತೆಗೆಯುವುದು, ವಸಡು ಹಲ್ಲನ್ನು ಬಿಟ್ಟು ಎಷ್ಟು ಸರಿದಿದೆ ಎಂದು ಅಳೆದು ಬರೆದಿಡುವುದು, ಅರವತ್ತು ದಾಟಿದವರಿಗೂ ಬ್ರಷ್ ಹಿಡಿಯುವುದನ್ನು ಮೊದಲಿನಿಂದ ಕಲಿಸುವುದು ಅವರ ಕಸುಬು. ಮೆಡಿಕಲ್ ಸ್ಟೋರಿನ ಮಹಡಿ ಮೇಲಿನ ಒಂದು ಕ್ಲಿನಿಕ್ಕಿನಲ್ಲಿ ಹತ್ತೊಂಬತ್ತು ವರ್ಷ ಇದನ್ನೇ ಮಾಡಿದ್ದರು. ನನ್ನ ಅಂಗಡಿಗೆ ಬಂದ ದಿನ ಮಾತ್ರ ಅವರ ಮೈಮೇಲಿದ್ದದ್ದು ಚಪ್ಪಲಿ ಅಂಗಡಿಯ ನೀಲಿ ಕೋಟು.

ಪೇಪರಿನಿಂದ ಕತ್ತರಿಸಿದ ಒಂದು ತುಂಡನ್ನು ನನ್ನ ಮುಂದಿಟ್ಟರು. ದೊಡ್ಡಾಸ್ಪತ್ರೆಯ ಹಲ್ಲಿನ ವಿಭಾಗಕ್ಕೆ ಹೈಜೀನಿಸ್ಟ್ ಬೇಕು, ಹುದ್ದೆ ಒಂದೇ, ವಯಸ್ಸು ನಲವತ್ತೆಂಟು ಮೀರಿರಬಾರದು.

“ಇನ್ನು ಎರಡು ತಿಂಗಳಿಗೆ ನನಗೆ ನಲವತ್ತೆಂಟು ದಾಟುತ್ತೆ ಅಣ್ಣಾ. ಇದೇ ಕೊನೆ ಬಸ್ಸು. ತಪ್ಪಿದ್ರೆ ಜನ್ಮ ಪೂರ್ತಿ ನಿಮ್ಮ ಕಾಲು ಎಷ್ಟನೇ ನಂಬರು ಅಂತ ಕೇಳ್ಕೊಂಡಿರ್ಬೇಕು. ಮೂರು ವರ್ಷದಿಂದ ಕೇಳ್ತಿದ್ದೀನಿ. ಕಾಲು ನೋಡ್ಬೇಕಾದ ಕಡೆ ಬಾಯಿ ನೋಡ್ತೀನಿ ಅಂತ ಓನರ್ ಕೈಲಿ ಬೈಸ್ಕೊಂಡಿದ್ದೂ ಆಯ್ತು.”

ಅದಕ್ಕೇನಂತೆ ಎಂದು ನಾನು ನಮೂನೆ ತೆರೆದೆ, ಅವರ ಹೆಸರು ಹೊಡೆದೆ, ಐದು ನಿಮಿಷದಲ್ಲಿ ಪ್ರಿಂಟ್ ತೆಗೆದು ಕೈಗಿಟ್ಟೆ. ಅವರು ಕಾಗದವನ್ನು ಬೆಳಕಿಗೆ ಹಿಡಿದು ಮೇಲಿನಿಂದ ಕೆಳಗೆ ಓದಿದರು.

“ಇದ್ಯಾರು?”

“ನೀವೇ ಮೇಡಂ.”

“ನನಗೆ ಇವರ ಪರಿಚಯ ಇಲ್ಲ. ಪುಸ್ತಕ ಓದುವುದು, ಸಂಗೀತ ಕೇಳುವುದು ಅಂತಿದೆ. ಯಾರು ಓದಿದ್ದು? ನಾನು ಮನೆಗೆ ಹೋಗಿ ಕಾಲು ಚಾಚಿದ್ರೆ ಕೂತಲ್ಲೇ ನಿದ್ದೆ.”

ಲ್ಯಾಮಿನೇಶನ್ ಪೆಟ್ಟಿಗೆಯ ಪಕ್ಕ ಕೂತಿದ್ದ ನನ್ನ ಹೆಂಡತಿ ಕಿಸಕ್ಕೆಂದು ನಕ್ಕಳು. ನನಗೆ ಮೈಯೆಲ್ಲ ಉರಿಯಿತು. ಮೂವತ್ತು ವರ್ಷದಲ್ಲಿ ನನ್ನ ನಮೂನೆಯನ್ನು ಹೀಗೆ ಬೆರಳಿನಲ್ಲಿ ತಟ್ಟಿ ವಾಪಸ್ ಕೊಟ್ಟವರು ಯಾರೂ ಇರಲಿಲ್ಲ.

“ಎಲ್ಲರೂ ಹೀಗೇ ಬರೆಸೋದು. ಅವರೇನು ಕೂತು ಓದ್ತಾರೆ ಅಂದ್ಕೊಂಡ್ರಾ?” ಎಂದೆ.

“ಓದೋ ಹಾಗೆ ಇದ್ರೆ ತಾನೇ ಓದೋದು. ಇದರಲ್ಲಿ ನಾನು ಏನು ಕೆಲಸ ಮಾಡ್ತೀನಿ ಅಂತ ಎಲ್ಲಾದ್ರೂ ಇದೆಯಾ? ಹೆಸರು ತೆಗೆದು ಲಿಫ್ಟ್ ಓಡಿಸೋರ ಹೆಸರು ಹಾಕಿದ್ರೂ ನಡೆಯುತ್ತೆ.”

ಹಿಂದಿನ ವಾರ ಲಿಫ್ಟಿನವನಿಗೆ ಕೊಟ್ಟದ್ದೂ ಅದೇ ಕಾಗದ. ನಾನು ಹೊಸ ಪುಟ ತೆರೆದೆ. ಅವರು ಸ್ಟೂಲನ್ನು ನನ್ನ ಪಕ್ಕಕ್ಕೆ ಎಳೆದುಕೊಂಡು, ಬೆನ್ನು ನೆಟ್ಟಗೆ ಮಾಡಿ, ಮೊಣಕೈ ಪಕ್ಕೆಗೆ ಒತ್ತಿ ಕೂತರು. ಕೆಲಸಕ್ಕೆ ಕೂರುವ ಅಭ್ಯಾಸವೇ ಹಾಗಿರಬೇಕು.

“ಬರ್ಕೊಳ್ಳಿ. ದಿನಕ್ಕೆ ಒಂಬತ್ತು ರೋಗಿ. ಹತ್ತನೆಯವರನ್ನ ತಗೊಳ್ಳೋದಿಲ್ಲ. ತಗೊಂಡ್ರೆ ಒಂಬತ್ತನೆಯವರಿಗೆ ಮೋಸ.”

“ಇದನ್ನೆಲ್ಲ ಬಯೋಡೇಟಾದಲ್ಲಿ ಬರೆಯೋದಿಲ್ಲ ತಾಯಿ.”

“ಮತ್ತೆ ಎಲ್ಲಿ ಬರೀತಾರೆ?”

ಬರೆದೆ. ಮೂರು ವರ್ಷದ ಮಕ್ಕಳಿಂದ ಹಿಡಿದು ಎಂಬತ್ತೇಳರ ಅಜ್ಜಿಯವರೆಗೆ ಕೈಯಾಡಿಸಿದ್ದು ಬರೆದೆ. ಸಕ್ಕರೆ ಕಾಯಿಲೆಯವರ ವಸಡು, ಬಸುರಿಯರ ವಸಡು ಹೇಗೆ ಬೇರೆಬೇರೆಯಾಗಿ ನೋಡಿಕೊಳ್ಳಬೇಕೆಂದು ಗೊತ್ತಿರುವುದು ಬರೆದೆ. ಮೆಷಿನ್ನಿನಲ್ಲೂ ಕೆರೆಯುತ್ತಾರೆ, ಮೆಷಿನ್ನಿನ ಸದ್ದಿಗೆ ಹೆದರುವವರಿಗೆ ಕೈಯಲ್ಲೂ ಕೆರೆಯುತ್ತಾರೆ. ಕೆರೆಯುವ ಸಾಮಾನುಗಳಿಗೆ ವಾರಕ್ಕೆ ಎರಡು ಸಲ ತಾವೇ ಸಾಣೆ ಹಿಡಿಯುತ್ತಾರೆ, ಬೇರೆಯವರ ಕೈಗೆ ಕೊಡುವುದಿಲ್ಲ. ಎಕ್ಸ್‌ರೇ ತೆಗೆದರೆ ಇಪ್ಪತ್ತರಲ್ಲಿ ಒಂದೂ ಕೆಡುವುದಿಲ್ಲ.

“ಆರು ತಿಂಗಳಿಗೆ ಮತ್ತೆ ಬನ್ನಿ ಅಂದ್ರೆ ಹತ್ತರಲ್ಲಿ ಎಂಟು ಜನ ಬರ್ತಿದ್ರು. ಅದನ್ನ ಮೇಲೇ ಹಾಕಿ. ಡಾಕ್ಟ್ರು ನೋಡೋದು ಅದನ್ನೇ. ಹೆದರಿಸಿದ್ರೆ ಯಾರಾದ್ರೂ ಬರ್ತಾರಾ? ನೋವಾಗಲಿಲ್ಲ ಅಂತ ಬರ್ತಿದ್ರು.”

ಒಂದು ಪುಟ ಮೀರಬಾರದು ಎಂದು ನಾನು ಹಟ ಹಿಡಿದೆ. ನನ್ನ ಕಸುಬಿನಲ್ಲಿ ನನಗೆ ಗೊತ್ತಿದ್ದ ಒಂದೇ ಸತ್ಯ ಅದು. ಅವರು ತಕ್ಷಣ ಒಪ್ಪಿ, ಹವ್ಯಾಸ, ಎತ್ತರ, ತೂಕ, ತಂದೆಯ ಉದ್ಯೋಗ ಎಲ್ಲವನ್ನೂ ತೆಗೆಸಿದರು. ನನ್ನ ಸವಾಲಿನ ವಾತಾವರಣವೂ ಗಂಟುಮೂಟೆ ಕಟ್ಟಿತು. ಒಂದೂವರೆ ಗಂಟೆ ಹಿಡಿಯಿತು. ಜೆರಾಕ್ಸಿಗೆ ಬಂದವರನ್ನೆಲ್ಲ ಹೆಂಡತಿ ಸಂಭಾಳಿಸಿದಳು. ಕೊನೆಗೆ ತೆರೆಯ ಮೇಲೆ ನೋಡಿದರೆ, ನನಗೇ ಸ್ವಲ್ಪ ನಾಚಿಕೆಯಾಯಿತು. ಓದಿದರೆ ಪಕ್ಕದಲ್ಲಿ ಕೂತ ಹೆಂಗಸೇ ಕಣ್ಣಿಗೆ ಕಟ್ಟುವಂಥ ಕಾಗದವನ್ನು ನಾನು ಟೈಪ್ ಮಾಡಿದ್ದು ಅದೇ ಮೊದಲು.

“ಈಗ ಕೆಲಸ ಬಿಟ್ಟ ಕಾರಣ,” ಎಂದರು.

“ಅದು ನನಗೆ ಬಿಡಿ. ವೈಯಕ್ತಿಕ ಕಾರಣಗಳಿಂದ ಅಂತ ಹಾಕ್ತೀನಿ. ಆ ಮೂರು ವರ್ಷಕ್ಕೆ ಕುಟುಂಬದ ಜವಾಬ್ದಾರಿ ಅಂತ ಒಂದು ಮಾತು ಸೇರಿಸಿದ್ರೆ ಮುಗೀತು.”

“ಬೇಡ. ನಾನು ಹೇಳಿದ್ದು ಬರೀರಿ. ರೋಗಿಯ ದಾಖಲೆಯನ್ನು ಸುಳ್ಳಾಗಿ ಬದಲಿಸಿ ಬರೆಯಲು ಹೇಳಿದರು. ಬರೆಯಲಿಲ್ಲ. ಮರುದಿನ ಕೆಲಸದಿಂದ ತೆಗೆದರು.”

ನಾನು ಕೀಬೋರ್ಡಿನಿಂದ ಕೈ ತೆಗೆದೆ.

ನಡೆದದ್ದು ಇಷ್ಟು. ಆ ಕ್ಲಿನಿಕ್ಕಿಗೆ ಒಬ್ಬ ಮೇಷ್ಟ್ರು ಬರುತ್ತಿದ್ದರು. ಕೆಳಗಿನ ಮುಂದಿನ ಹಲ್ಲುಗಳ ವಸಡು ಸರಿಯುತ್ತಿದೆ ಎಂದು ಹಲ್ಲಿನ ಮೇಡಂ ಮೂರು ವರ್ಷ, ಆರಾರು ತಿಂಗಳಿಗೊಮ್ಮೆ, ಅಳೆದು ಕಾರ್ಡಿನಲ್ಲಿ ಬರೆದಿದ್ದರು. ಡಾಕ್ಟರು ಪ್ರತಿ ಸಲವೂ ಮುಂದಿನ ಸಲ ನೋಡೋಣ ಎಂದರು. ಅವರಿಗೆ ಮೇಷ್ಟ್ರ ವಸಡಿಗಿಂತ ಹೊಸ ಹಲ್ಲು ಕೂರಿಸುವ ಕೆಲಸವೇ ಹೆಚ್ಚಾಗಿತ್ತು. ಕೊನೆಗೆ ನಾಲ್ಕು ಹಲ್ಲು ಅಲ್ಲಾಡಿ, ಕೀಳಿಸಬೇಕಾಯಿತು. ಮೇಷ್ಟ್ರ ಮಗಳು ಸುಮ್ಮನಿರುವ ಪೈಕಿಯಲ್ಲ. ದಾಖಲೆ ಕೊಡಿ, ದೂರು ಕೊಡುತ್ತೇನೆ ಎಂದು ಬಂದು ನಿಂತಳು. ಅಂದು ಸಂಜೆ ಡಾಕ್ಟರು ಒಂದು ಖಾಲಿ ಕಾರ್ಡು ತಂದು ಹಲ್ಲಿನ ಮೇಡಂ ಮುಂದಿಟ್ಟರು. ಅದೇ ತಾರೀಖುಗಳನ್ನು ಹಾಕಿ, ‘ಚಿಕಿತ್ಸೆಗೆ ಸೂಚಿಸಲಾಯಿತು, ರೋಗಿ ಒಪ್ಪಲಿಲ್ಲ’ ಎಂದು ಹೊಸದಾಗಿ ಬರೆದುಕೊಡಬೇಕು. ಬರಹ ಹಲ್ಲಿನ ಮೇಡಂ ಅವರದೇ ಆಗಿರಬೇಕು, ಏಕೆಂದರೆ ಹಳೆಯ ಕಾರ್ಡುಗಳೆಲ್ಲ ಅವರ ಕೈಬರಹದಲ್ಲೇ ಇದ್ದವು.

“ನನ್ನ ಕೈಬರಹ, ನನ್ನ ಸಹಿ. ಆ ಮೇಷ್ಟ್ರು ಒಂದು ದಿನ ಒಪ್ಪಲ್ಲ ಅಂದವರಲ್ಲ. ಕೇಳಿದ್ರೆ ತಾನೇ ಒಪ್ಪೋದು ಬಿಡೋದು? ಆಗಲ್ಲ ಸರ್ ಅಂದೆ. ಬೆಳಿಗ್ಗೆ ಹೋದ್ರೆ ನನ್ನ ಸ್ಟೂಲ್ ಮೇಲೆ ಬೇರೆ ಹುಡುಗಿ.”

ಅಲ್ಲಿಗೂ ನಿಲ್ಲಲಿಲ್ಲ. ಆ ಡಾಕ್ಟರು ಊರಿನ ಬೇರೆ ಕ್ಲಿನಿಕ್ಕುಗಳ ಕಿವಿಗೂ ಊದಿದರು. ಎಲ್ಲಿ ಹೋದರೂ ಮುಗುಳ್ನಗೆ, ಎಲ್ಲಿ ಹೋದರೂ ತಿಳಿಸುತ್ತೇವೆ. ಯಾರೂ ತಿಳಿಸಲಿಲ್ಲ.

ಕೇಳಿ ನನಗೆ ಆ ಡಾಕ್ಟರ ಮೇಲೆ ಸಿಟ್ಟು ಬಂತು. ಆದರೆ ಅದಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಈ ಹೆಂಗಸಿನ ಮೇಲೆ. “ನೋಡಿ ಮೇಡಂ, ಸತ್ಯ ಹೇಳೋಕೆ ನಿಮಗೆ ಬೇಕಾದಷ್ಟು ಜಾಗ ಇದೆ. ಈ ಕಾಗದದ ಮೇಲೆ ಬೇಡ. ಈ ಸಾಲು ಓದಿದವರು ಏನಂದ್ಕೋತಾರೆ ಗೊತ್ತಾ? ಈಯಮ್ಮ ನಾಳೆ ನಮ್ಮ ಮೇಲೂ ಹೀಗೇ ಬರೀತಾಳೆ ಅಂತ.”

“ಅಂಥದ್ದು ಮಾಡಿಸಿದ್ರೆ ಬರೀತೀನಿ.”

“ನೀವು ಬರೆಯೋ ಸುಳ್ಳಿಗೆ ಅವರು ಯಾಕೆ ಸಹಿ ಹಾಕ್ಬೇಕು ರೀ?” ಎಂದು ನನ್ನ ಹೆಂಡತಿ ಮಧ್ಯೆ ಬಾಯಿ ಹಾಕಿದಳು. ಮನೆಯಲ್ಲೂ ಅಂಗಡಿಯಲ್ಲೂ ನನಗೆ ಒಂದೇ ಭಾಗ್ಯ.

ಕೊನೆಗೆ ಆ ಸಾಲನ್ನೂ ಟೈಪ್ ಮಾಡಿ ಎರಡು ಪ್ರಿಂಟ್ ತೆಗೆದೆ. ಆದರೆ ಅದರ ಪಕ್ಕ ಪೆನ್ಸಿಲಿನಲ್ಲಿ ಒಂದು ಗುರುತು ಹಾಕಿಕೊಟ್ಟು, “ಮನೇಲಿ ಎಲ್ಲರನ್ನೂ ಕೇಳಿ. ಇದೊಂದು ಸಾಲು ತೆಗೆಯೋಣ ಅಂದ್ರೆ ಬನ್ನಿ, ಎರಡು ನಿಮಿಷದ ಕೆಲಸ,” ಎಂದೆ.

ಮನೆಯಲ್ಲಿ ಏನಾಯಿತೆಂದು ಆಮೇಲೆ ಹೇಳಿದರು. ಅವರ ಗಂಡ ಬಾಗಿಲು ಕಿಟಕಿಗೆ ಬಣ್ಣ ಹೊಡೆಯುವವರು, ಮಾತು ಕಮ್ಮಿ. ಅವರು ಕಾಗದ ಓದಿ, ಮಡಿಸಿಟ್ಟು, “ನಿನ್ನ ಕೈ ನೋಡ್ಕೋ,” ಎಂದರಂತೆ. ಅಷ್ಟೇ. ಮೂರು ವರ್ಷ ಚಪ್ಪಲಿ ಪೆಟ್ಟಿಗೆ ಎತ್ತಿ ಇಳಿಸಿ ಆ ಕೈಯ ಬೆರಳುಗಳ ಸಂದಿ ಒಡೆದಿತ್ತು. ಸೂಜಿಯಷ್ಟು ಸಣ್ಣ ಸಾಮಾನು ಹಿಡಿಯುವ ಕೈ ಅದು. ಕಾಲೇಜಿಗೆ ಹೋಗುವ ಮಗಳು ಮಾತ್ರ ಜಗಳಕ್ಕೇ ನಿಂತಳಂತೆ. ಅಮ್ಮಾ, ಒಳಗೆ ಹೋಗೋ ತನಕ ಬಾಯಿ ಮುಚ್ಕೋ, ಒಳಗೆ ಹೋದ್ಮೇಲೆ ಎಷ್ಟು ಬೇಕೋ ಅಷ್ಟು ಮಾತಾಡು ಎಂದಳಂತೆ. ಎರಡು ದಿನ ಯೋಚನೆ ಮಾಡಿ ಹಲ್ಲಿನ ಮೇಡಂ ಸೋತರು. ಆ ಸಾಲು ಬೇಡ ಎಂದು ತೀರ್ಮಾನಿಸಿದರು.

ಅರ್ಜಿಗೆ ಕೊನೆಯ ದಿನ. ಓನರ್ ಕೊಟ್ಟದ್ದು ಅರ್ಧ ಗಂಟೆ ರಜೆ. ಅವರು ಓಡಿಬಂದಾಗ ನನ್ನ ಅಂಗಡಿಯ ಶಟರ್ ಎಳೆದಿತ್ತು. ನಾನು ಮೆಷಿನ್ನಿಗೆ ಇಂಕು ತರಲು ಹೋಗಿದ್ದೆ, ಹೆಂಡತಿ ಊಟಕ್ಕೆ ಹೋಗಿದ್ದಳು. ಸಂಜೆ ಬಂದು, ಕೊಟ್ಟುಬಂದೆ ಅಣ್ಣಾ ಎಂದರು.

“ಆ ಸಾಲು?”

“ನೀವು ಹೇಳಿದ ಹಾಗೆ ತೆಗೆದೆ. ಅಲ್ಲೇ ಕೌಂಟರಲ್ಲಿ ಪೆನ್ನು ಇಸ್ಕೊಂಡು.”

ಪೆನ್ನು ಎಂದಾಕ್ಷಣ, ಎಲ್ಲಿ ತೋರಿಸಿ ಎಂದೆ. ಅವರು ತಮ್ಮ ಹತ್ತಿರ ಉಳಿದ ಇನ್ನೊಂದು ಪ್ರತಿಯನ್ನು ತೋರಿಸಿದರು. ಅದರಲ್ಲೂ ಹಾಗೇ ಮಾಡಿದ್ದರು. ಸಾಲಿನ ನಡುವೆ ಕೂದಲಿನಷ್ಟು ತೆಳ್ಳಗೆ, ಅಡಿಪಟ್ಟಿ ಇಟ್ಟು ಎಳೆದ ಹಾಗೆ ನೇರವಾದ ಒಂದೇ ಗೆರೆ. ಪಕ್ಕದಲ್ಲಿ ಅವರ ಸಹಿ. ಸಹಿಯ ಕೆಳಗೆ ತಾರೀಖು. ಗೆರೆಯ ಅಡಿಯಲ್ಲಿ ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಓದಬಹುದು. ಮೊದಲು ಯಾರ ಕಣ್ಣಿಗೂ ಬೀಳದಿರಬಹುದಾಗಿದ್ದ ಸಾಲು ಈಗ ಪುಟದಲ್ಲಿ ಬೇರೆ ಏನನ್ನೂ ನೋಡಲು ಬಿಡುತ್ತಿರಲಿಲ್ಲ.

“ಏನ್ ಮಾಡಿದ್ರಿ ತಾಯಿ! ಇದು ತೆಗೆದಿದ್ದಾ? ಓದೋಕೆ ಬರುತ್ತಲ್ಲ!”

“ಬರ್ಲೇಬೇಕಲ್ಲ,” ಎಂದರು, ಏನೂ ಅರ್ಥವಾಗದವರ ಹಾಗೆ. “ರೋಗಿ ಕಾರ್ಡಲ್ಲಿ ಏನಾದ್ರೂ ತೆಗೀಬೇಕಾದ್ರೆ ಹೀಗೇ ತೆಗೆಯೋದು. ಬಿಳಿ ಹಚ್ಚೋ ಹಾಗಿಲ್ಲ, ಗೀಚೋ ಹಾಗಿಲ್ಲ. ಒಂದೇ ಗೆರೆ, ಕೆಳಗಿರೋದು ಕಾಣ್ಬೇಕು, ಪಕ್ಕದಲ್ಲಿ ಸಹಿ, ತಾರೀಖು...”

ಹೇಳುತ್ತಾ ಹೇಳುತ್ತಾ ನಿಂತರು. ಹತ್ತೊಂಬತ್ತು ವರ್ಷದ ಅಭ್ಯಾಸ ತಮ್ಮ ಕೈಯಿಂದ ಏನು ಮಾಡಿಸಿತು ಎಂಬುದು ಆಗ ತಲೆಗೆ ಹೊಕ್ಕಿತು. ಮುಖ ಬಿಳಿಚಿತು. ಸ್ಟೂಲಿನ ಮೇಲೆ ಕೂತರು. ನಾನು ಹಣೆ ಹಣೆ ಚಚ್ಚಿಕೊಂಡೆ. ನಾಳೆ ಬೆಳಿಗ್ಗೆ ಹೋಗಿ ಗುಮಾಸ್ತರ ಕಾಲು ಹಿಡಿದಾದರೂ ಕಾಗದ ಬದಲಾಯಿಸಿಕೊಂಡು ಬರೋಣ, ನನಗೆ ಅವರ ಪರಿಚಯವಿದೆ ಎಂದೆ.

ಅವರು ಕಾಗದ ಮಡಿಸಿ ಚೀಲಕ್ಕೆ ಹಾಕಿ ಎದ್ದರು.

“ಕೊಟ್ಟ ದಾಖಲೆನ ಹಿಂದಿನ ಬಾಗಿಲಿಂದ ಬದಲಾಯಿಸೋದಾ? ಅದನ್ನ ಮಾಡಲ್ಲ ಅಂತ ತಾನೇ ನಾನು ಚಪ್ಪಲಿ ಅಂಗಡಿ ಸೇರಿದ್ದು? ಇರಲಿ ಬಿಡಿ ಅಣ್ಣಾ. ಓದ್ಲಿ.”

ಹೆದರಿಕೆ ಆ ಮುಖದಲ್ಲಿ ಇನ್ನೂ ಇತ್ತು. ಆದರೂ ಹೇಳಿದರು. ನನಗಾದರೆ ಅಷ್ಟು ಧೈರ್ಯ ಬರುತ್ತಿರಲಿಲ್ಲ ಎಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಹತ್ತು ದಿನಕ್ಕೆ ಆಸ್ಪತ್ರೆಯಿಂದ ಪತ್ರ ಬಂತು. ಮೂರು ಜನರನ್ನು ಕರೆದಿದ್ದರು, ಅದರಲ್ಲಿ ಇವರೂ ಒಬ್ಬರು. ಬರೀ ಮಾತಿನ ಸಂದರ್ಶನವಲ್ಲ, ಕೆಲಸ ಮಾಡಿ ತೋರಿಸಬೇಕು. ಅದಕ್ಕೆ ಪ್ರತಿಯೊಬ್ಬರೂ ತಮ್ಮ ರೋಗಿಯನ್ನು ತಾವೇ ಕರೆತರಬೇಕು. ರೋಗಿಗೆ ನಲವತ್ತು ದಾಟಿರಬೇಕು, ಒಂದು ವರ್ಷದಿಂದ ಹಲ್ಲು ಕ್ಲೀನ್ ಮಾಡಿಸಿರಬಾರದು.

“ನಮ್ಮ ಮನೇಲಿ ಯಾರೂ ಉಪಯೋಗಕ್ಕಿಲ್ಲ. ಗಂಡ, ಮಗಳು, ನಾದಿನಿ, ಎಲ್ಲರ ಬಾಯಿಗೂ ನಾನು ಕೈ ಹಾಕಿ ಇಟ್ಟಿದ್ದೀನಿ. ಹುಡುಕಿದ್ರೂ ಒಂದು ಚೂರು ಕಿಟ್ಟ ಸಿಗಲ್ಲ,” ಎಂದು ಹಲ್ಲಿನ ಮೇಡಂ ನನ್ನ ಬಾಯಿಯ ಕಡೆ ನೋಡಿದರು. ಚಪ್ಪಲಿ ಅಂಗಡಿಯ ಗಿರಾಕಿಗಳಿಗೆ ಏನನಿಸುತ್ತಿತ್ತೆಂದು ಆಗ ನನಗೆ ಗೊತ್ತಾಯಿತು.

“ನನ್ನದಾ?”

“ನಿಮ್ಮದು ಬಂಗಾರದಂಥ ಬಾಯಿ ಅಣ್ಣಾ. ಇಪ್ಪತ್ತು ವರ್ಷದಿಂದ ಯಾರೂ ಮುಟ್ಟಿಲ್ಲ.”

ಹೆಂಡತಿ ನಗು ತಡೆಯಲಾರದೆ ಅಂಗಡಿಯ ಹಿಂದಕ್ಕೆ ಹೋದಳು.

ಹಾಗೆ ಒಂದು ಬುಧವಾರ ಬೆಳಿಗ್ಗೆ ನಾನು ಆಸ್ಪತ್ರೆಯ ಎರಡನೇ ಮಹಡಿಯಲ್ಲಿ, ಎದೆಗೆ ಹಸಿರು ಕಾಗದ ಕಟ್ಟಿಸಿಕೊಂಡು, ಕಾಲು ಮೇಲಾಗಿ ತಲೆ ಕೆಳಗಾಗಿ ಒಂದು ಕುರ್ಚಿಯಲ್ಲಿ ಒರಗಿದ್ದೆ. ಪಕ್ಕದ ಎರಡು ಕುರ್ಚಿಗಳ ಹತ್ತಿರ ಇನ್ನಿಬ್ಬರು ಅಭ್ಯರ್ಥಿಗಳು, ಕುರ್ಚಿಯಲ್ಲಿ ಅವರವರ ಮಾವನೋ ಚಿಕ್ಕಪ್ಪನೋ. ಅಭ್ಯರ್ಥಿಗಳಿಬ್ಬರೂ ಮೂವತ್ತರ ಒಳಗಿನ ಹುಡುಗಿಯರು. ಪರೀಕ್ಷೆ ನೋಡಲು ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು, ಅವರ ಮೇಲೆ ವಿಭಾಗದ ಮುಖ್ಯಸ್ಥೆ ದೊಡ್ಡ ಡಾಕ್ಟರಮ್ಮ. ಈ ಡಾಕ್ಟರಮ್ಮ ಕಿಟಕಿಯ ಹತ್ತಿರ ಮೇಜಿನ ಮುಂದೆ ಕೂತು ಕಾಗದ ಓದುತ್ತಿದ್ದರು. ಯಾವ ಕಾಗದವೆಂದು ಊಹಿಸಿ ನಾನು ಕಣ್ಣು ಮುಚ್ಚಿಕೊಂಡೆ.

ಹಲ್ಲಿನ ಮೇಡಂ ಕೈಗವಸು ಹಾಕಿ ಕೂತದ್ದೇ ತಡ, ನನಗೆ ಗೊತ್ತಿದ್ದ ಹೆಂಗಸು ಮಾಯವಾದರು. ಮಾತು ನಿಧಾನವಾಯಿತು, ಕೈ ಹಗುರವಾಯಿತು. ತುದಿಯಲ್ಲಿ ಮಿಲಿಮೀಟರ್ ಅಳತೆಯ ಗೆರೆಗಳಿದ್ದ ಸಣ್ಣ ಕಡ್ಡಿಯೊಂದನ್ನು ವಸಡಿನ ಅಂಚಿಗೆ ಇಳಿಸುತ್ತಾ, ಒಂದೊಂದು ಹಲ್ಲಿಗೆ ಆರು ಅಂಕಿ ಕೂಗುತ್ತಾ ಹೋದರು. ಮಧ್ಯೆ ಮಧ್ಯೆ ಒಂದು ಕೈಯ ಕೈಗವಸು ತೆಗೆದು ಹಾಳೆಯಲ್ಲಿ ತಾವೇ ಬರೆದುಕೊಳ್ಳುತ್ತಿದ್ದರು.

“ಮೂರು, ಎರಡು, ಮೂರು. ಮೂರು, ಎರಡು, ನಾಲ್ಕು, ರಕ್ತ.”

ಮೂರರವರೆಗೆ ಚಿಂತೆಯಿಲ್ಲ, ನಾಲ್ಕು ಎಂದರೆ ಎಚ್ಚರಿಕೆ, ಐದು ದಾಟಿದರೆ ವಸಡಿನೊಳಗೆ ಮೂಳೆಯೇ ಸವೆಯುತ್ತಿದೆ ಎಂದರ್ಥ ಎಂದು ಮೊದಲೇ ಹೇಳಿದ್ದರು. ಹಾಗಾಗಿ ಪ್ರತಿ ಅಂಕಿಗೂ ನಾನು ಉಸಿರು ಬಿಗಿಹಿಡಿಯುತ್ತಿದ್ದೆ. ಮೇಲಿನ ಬಲಗಡೆ, ಎಲ್ಲಕ್ಕಿಂತ ಹಿಂದಿನ ದವಡೆ ಹಲ್ಲಿಗೆ ಬಂದಾಗ ಕಡ್ಡಿ ಹಿಂದಿನಿಂದ ಓರೆಯಾಗಿ ಇಳಿಯಿತು, ಇಳಿಯುತ್ತಲೇ ಹೋಯಿತು.

“ಏಳು. ರಕ್ತ.”

ಕೆರೆದು ಮುಗಿಸಿದ ಮೇಲೆ ಚಿಕ್ಕ ಡಾಕ್ಟರು ಬಂದು, ಅಲ್ಲಲ್ಲಿ ಅಳೆದು, ಅವರ ಹಾಳೆಗೂ ತಮ್ಮ ಹಾಳೆಗೂ ತಾಳೆ ನೋಡಿದರು. ಒಂದು ಹೆಚ್ಚು ಕಮ್ಮಿಯಾದರೆ ತಪ್ಪಲ್ಲ, ಎರಡಾದರೆ ಅಂಕ ಕಳೆಯುತ್ತಾರಂತೆ. ಎಲ್ಲ ಸರಿಹೋಯಿತು, ಆ ದವಡೆ ಹಲ್ಲೊಂದು ಬಿಟ್ಟು.

“ಇದು ಐದು,” ಎಂದರು ಡಾಕ್ಟರು. ಆಮೇಲೆ ದನಿ ತಗ್ಗಿಸಿ, ಒಳ್ಳೆಯ ಮನಸ್ಸಿನಿಂದಲೇ, “ಬಾಕಿದೆಲ್ಲ ತುಂಬ ಚೆನ್ನಾಗಿದೆ. ಇದೊಂದು ಐದು ಅಂತ ಮಾಡ್ಕೊಂಡ್ಬಿಡಿ. ಸುಮ್ಮನೆ ಮಾರ್ಕ್ಸ್ ಯಾಕೆ ಕಳ್ಕೋತೀರಾ?” ಎಂದರು.

ತಿದ್ದು ತಾಯಿ, ತಿದ್ದು ಎಂದು ನಾನು ಬಾಯಿ ತೆರೆದುಕೊಂಡೇ ಮನಸ್ಸಿನಲ್ಲಿ ಅಂಗಲಾಚಿದೆ. ಒಂದು ಅಂಕಿ. ಯಾರ ಮನೆ ಹಾಳಾಗುತ್ತದೆ? ನನ್ನ ಹಲ್ಲು, ನನಗೇ ಐದು ಸಾಕು.

“ನನಗೆ ಏಳು ಬಂತು ಸರ್. ಹಿಂದಿನಿಂದ ಸ್ವಲ್ಪ ಓರೆ ಮಾಡಿ ಇಳಿಸಿ, ಸಿಗುತ್ತೆ.”

“ನಾನು ನೋಡಿದೆನಲ್ಲಮ್ಮ.”

“ಮತ್ತೊಂದು ಸಲ ನೋಡಿ ಸರ್.”

ಡಾಕ್ಟರ ಮುಖ ಬಿಗಿಯಿತು. “ಕೆಲಸಕ್ಕೆ ಬಂದ್ಮೇಲೂ ಹೀಗೇ ವಾದ ಮಾಡ್ತೀರಾ?”

“ಹೌದು ಸರ್. ಬಯೋಡೇಟಾ ಕೊನೇಲಿ ಅದನ್ನೇ ಬರೆದಿದ್ದೀನಿ.”

“ಅದಕ್ಕೆ ನೀವೇ ಗೆರೆ ಎಳೆದಿದ್ದೀರಲ್ಲ.”

“ಗೆರೆ ಎಳೆದಿದ್ದು ಹೆದರಿಕೆಗೆ. ಕೆಳಗಿರೋದು ನಿಜ.”

ಆಗ ಏನಾಯಿತೋ, ಮೂವತ್ತು ವರ್ಷದಿಂದ ಕಾಗದದ ಮೇಲೆ ಜನರನ್ನು ನುಣ್ಣಗೆ ಮಾಡಿಕೊಟ್ಟ ನಾನು, ಬಾಯಿಂದ ಎಂಜಲು ಎಳೆಯುವ ಪೈಪನ್ನು ಕಿತ್ತು, ಜೊಲ್ಲು ಸುರಿಸುತ್ತಲೇ ಎದ್ದು ಕೂತೆ.

“ಸಾರ್, ನೀವು ಅಲ್ಲಿಗೆ ಹೋಗೇ ಇಲ್ಲ. ಅವರು ಮುಟ್ಟಿದ ಜಾಗ ಇನ್ನೂ ಒಳಗಿದೆ. ನನ್ನ ಹಲ್ಲು, ನನಗೆ ಗೊತ್ತಾಗಲ್ವಾ?”

“ಪೇಷೆಂಟ್ ಮಾತಾಡೋ ಹಾಗಿಲ್ಲ!”

“ಮಾತಾಡ್ಲಿ ಬಿಡಿ,” ಎಂದು ಕಿಟಕಿಯ ಕಡೆಯಿಂದ ದನಿ ಬಂತು. ದೊಡ್ಡ ಡಾಕ್ಟರಮ್ಮ ಎದ್ದು ಬಂದರು, ಕೈಗವಸು ಹಾಕಿಕೊಂಡರು, ನನ್ನ ಹಣೆಗೆ ಕೈಯಿಟ್ಟು ಮತ್ತೆ ಒರಗಿಸಿದರು. ಕಡ್ಡಿ ಹಿಂದಿನಿಂದ ಓರೆಯಾಗಿ ಇಳಿಯಿತು. ಆ ಜಾಗ ಬಂದಾಗ ನನ್ನ ಕಾಲ್ಬೆರಳು ಮಡಿಚಿಕೊಂಡವು.

“ಏಳು,” ಎಂದರು.

ಚಿಕ್ಕ ಡಾಕ್ಟರು ತಮ್ಮ ಹಾಳೆ ಸರಿಮಾಡಿಕೊಂಡರು. ದೊಡ್ಡ ಡಾಕ್ಟರಮ್ಮ ಕಡ್ಡಿ ಇಟ್ಟು ಹಲ್ಲಿನ ಮೇಡಂ ಕಡೆ ತಿರುಗಿದರು.

“ನೀವು ಬಿಟ್ಟುಬಂದ ಡಾಕ್ಟ್ರಿಗೆ ಫೋನ್ ಮಾಡಿದ್ದೆ. ನಿಮ್ಮ ಬಗ್ಗೆ ಒಂದೂ ಒಳ್ಳೆ ಮಾತು ಆಡಲಿಲ್ಲ. ಹೇಳಿದ ಮಾತು ಕೇಳೋದಿಲ್ಲ ಅಂದ್ರು.”

“ಅದು ಸರಿಯಾಗೇ ಹೇಳಿದ್ದಾರೆ ಮೇಡಂ.”

“ನಾಳೆ ನಾನೇ ಬಂದು ಒಂದು ಅಂಕಿ ತಿದ್ದಿ ಅಂದ್ರೆ?”

ಹಲ್ಲಿನ ಮೇಡಂ ಕೈಗವಸು ಬಿಚ್ಚುತ್ತಾ ಗಲ್ಲದಿಂದ ನನ್ನನ್ನು ತೋರಿಸಿದರು. “ಆಗ ಮತ್ತೆ ಇವರ ಅಂಗಡಿಗೆ ಹೋಗ್ತೀನಿ. ಬಯೋಡೇಟಾಗೆ ಇನ್ನೊಂದು ಸಾಲು ಸೇರುತ್ತೆ.”

ದೊಡ್ಡ ಡಾಕ್ಟರಮ್ಮ ನಗಲಿಲ್ಲ, ಸಿಟ್ಟಾಗಲೂ ಇಲ್ಲ. “ಮೊದಲು ನಿಮ್ಮ ಪೇಷೆಂಟಿಗೆ ಆ ಹಲ್ಲಿನ ವಿಷಯ ತಿಳಿಸಿ,” ಎಂದು ಮೇಜಿಗೆ ಮರಳಿದರು.

ಹಲ್ಲಿನ ಮೇಡಂ ನನ್ನ ಕೈಗೆ ಕನ್ನಡಿ ಕೊಟ್ಟು, ಎಲ್ಲವನ್ನೂ ಹೇಳಿದರು. ಉಳಿಯುತ್ತಾ ಎಂದು ಕೇಳಿದೆ. ಉಳಿಯುತ್ತೆ ಬಿಡಿ ಅಣ್ಣಾ ಎನ್ನುತ್ತಾರೆ ಎಂದುಕೊಂಡಿದ್ದೆ. “ಗೊತ್ತಿಲ್ಲ. ಪ್ರಯತ್ನ ಮಾಡೋಣ. ಮೂರು ಸಲ ಬರ್ಬೇಕು, ದಿನಾ ರಾತ್ರಿ ನಾನು ಹೇಳಿದ ಹಾಗೆ ಉಜ್ಜಬೇಕು. ಆದ್ರೂ ಹೋಗ್ಬಹುದು,” ಎಂದರು. ಐವತ್ತಾರು ವರ್ಷದ ಗಂಡಸು ನಾನು, ಒಂದು ದವಡೆ ಹಲ್ಲಿಗೆ ಕಣ್ಣು ತುಂಬಿಕೊಂಡೆ. ಆದರೆ ಆ ಮಾತನ್ನು ನಂಬಬಹುದಿತ್ತು.

ಮೂರನೇ ದಿನ ಆಸ್ಪತ್ರೆಯ ಜವಾನ ಒಂದು ಕಾಗದ ತಂದು, ನೋಟಿಸ್ ಬೋರ್ಡಿಗೆ ನಾಲ್ಕು ಪ್ರತಿ ಬೇಕು ಎಂದ. ಮೆಷಿನ್ನಿನ ಗಾಜಿನ ಮೇಲಿಡುವಾಗ ಕಣ್ಣು ಬಿತ್ತು. ಆಯ್ಕೆಯಾದವರ ಹೆಸರು ಒಂದೇ. ಐದನೇ ಪ್ರತಿ ತೆಗೆದು ಅಂಗಿಯ ಜೇಬಿಗೆ ತುರುಕಿಕೊಂಡು ಚಪ್ಪಲಿ ಅಂಗಡಿಗೆ ಓಡಿದೆ. ಈ ವಯಸ್ಸಿನಲ್ಲಿ ರಸ್ತೆಯಲ್ಲಿ ಓಡಿದ್ದಕ್ಕೆ ನನಗೆ ಎಳ್ಳಷ್ಟೂ ನಾಚಿಕೆಯಾಗಲಿಲ್ಲ.

ಹಲ್ಲಿನ ಮೇಡಂ ನೆಲದ ಮೇಲೆ ಮೊಣಕಾಲೂರಿ ಒಬ್ಬ ಮುದುಕರ ಕಾಲಿಗೆ ಶೂ ಹಾಕುತ್ತಿದ್ದರು. ಕಾಗದ ನೋಡಿದರು. ಮತ್ತೊಂದು ಕಾಲಿನ ಶೂ ಹಾಕಿ, ಲೇಸು ಕಟ್ಟಿ, ಆಮೇಲೆ ಎದ್ದು ಇನ್ನೊಮ್ಮೆ ಓದಿದರು. ಅಳುತ್ತಾರೇನೋ ಎಂದು ನಾನು ಬೇರೆ ಕಡೆ ನೋಡಿದೆ. ಅಳಲಿಲ್ಲ.

ಆದರೆ ನನ್ನ ಹಳೆಯ ಬುದ್ಧಿ ಎಲ್ಲಿ ಹೋಗಬೇಕು? ಕಾಗದದ ಕೊನೆಯ ಸಾಲಿಗೆ ಬೆರಳಿಟ್ಟು ತೋರಿಸಿದೆ. “ಇಲ್ಲಿ ನೋಡಿ ಮೇಡಂ. ಮೊದಲ ಆರು ತಿಂಗಳು ಪರೀಕ್ಷೆ ಮೇಲೆ ಅಂತ ಇದೆ. ಕೆಲಸ, ನಡತೆ ಎರಡೂ ನೋಡ್ತಾರಂತೆ. ಅಷ್ಟು ದಿನ ಸ್ವಲ್ಪ ಬಾಯಿ ಬಿಗಿ ಹಿಡಿದು, ತಗ್ಗಿ ಬಗ್ಗಿ ನಡ್ಕೊಳ್ಳಿ.”

ಅವರು ನೀಲಿ ಕೋಟು ಬಿಚ್ಚಿ ಓನರ್ ಕೌಂಟರಿನ ಮೇಲೆ ಮಡಿಸಿಟ್ಟರು.

“ನೋಡ್ಲಿ ಅಣ್ಣಾ. ಆರು ತಿಂಗಳು ನಾನೂ ಅವರನ್ನ ನೋಡ್ತೀನಿ.”